ಮೂರೆಲೆಯ ಆಟ, ನೂರೆಂಟು ಲೆಕ್ಕ

ಇಸ್ಪೀಟು ಎಂದೊಡನೆ ಮೂಗು ಮುರಿಯಬೇಡಿ. ಧರ್ಮರಾಯನ ಕಥೆ ಕೇಳುತ್ತಲೇ ಬೆಳೆದವಳು ನಾನೂ. ಆದರೆ ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ, ದೀಪಾವಳಿಯ ರಾತ್ರಿ ಕಟ್ಟಡದವರೆಲ್ಲ ಚಾಪೆ ಹಾಸಿ ಚಿಲ್ಲರೆ ಕಾಸಿಗೆ ‘ತೀನ್ ಪತ್ತಿ’ ಆಡುವುದನ್ನು ನೋಡುತ್ತ ನೋಡುತ್ತ ನಾನೂ ಕಲಿತೆ. ಇದು ಇಂಗ್ಲೆಂಡಿನ ಹಳೆಯ ‘ಬ್ರ್ಯಾಗ್’ ಆಟದ ಸಂತಾನ, ಪೋಕರ್‌ಗೆ ನೆಂಟ. ‘ಬ್ರ್ಯಾಗ್’ ಎಂದರೇ ಜಂಬ ಕೊಚ್ಚುವುದು! ಕೈಯಲ್ಲಿ ಏನೂ ಇಲ್ಲದಿದ್ದರೂ ಇದೆಯೆಂದು ನಂಬಿಸುವುದೇ ಆಟದ ಜೀವ.

ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲು ಎಲ್ಲರೂ ‘ಬೂಟ್’ ಹಾಕಬೇಕು. ತಲೆಗೆ ಮೂರು ಎಲೆ. ಎಲೆ ನೋಡದೆ ಆಡಿದರೆ ‘ಬ್ಲೈಂಡ್’. ನೋಡಿದವರು ಅದರ ಎರಡರಷ್ಟು ಇಲ್ಲವೇ ನಾಲ್ಕರಷ್ಟರವರೆಗೆ ‘ಚಾಲ್’ ಕಟ್ಟಬೇಕು. ಬೇಡವಾದರೆ ‘ಪ್ಯಾಕ್’. ಇಬ್ಬರೇ ಉಳಿದಾಗ ಹಣ ಕೊಟ್ಟು ‘ಶೋ’ ಕೇಳಬಹುದು.

52 ಎಲೆಗಳಲ್ಲಿ ಮೂರೆಲೆಯ ಕೈಗಳು 22,100 ಬಗೆ. ಅದರಲ್ಲಿ 16,440 ಬರೀ ಬಿಡಿ ಎಲೆಗಳು. ಜೋಡಿಯೂ ಇಲ್ಲ, ಸಾಲೂ ಇಲ್ಲ, ಒಂದೇ ಬಣ್ಣವೂ ಇಲ್ಲ. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಸಲ ಕೈ ಖಾಲಿ. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಆಟ ಬೇಕೇ ಎಂದು ನನ್ನ ಯೋಚನೆ.

ಕಳೆದ ದೀಪಾವಳಿಯಲ್ಲಿ ನಾವು ನಾಲ್ವರು ಕುಳಿತಿದ್ದೆವು: ಎದುರುಮನೆಯ ಮರಾಠಿ ಆಜಿ, ಗುಜರಾತಿ ನೆರೆಯಾಕೆ, ಪುಣೆಯಿಂದ ಬಂದಿದ್ದ ನನ್ನ ಅಕ್ಕನ ಮಗ, ಮತ್ತು ನಾನು. ಬೂಟ್ ಒಂದು ರೂಪಾಯಿ. ನನಗೆ ಬಂದದ್ದು ಒಂಬತ್ತು, ಏಳು, ನಾಲ್ಕು. ಮುಖ ಬಿಗಿಹಿಡಿದು ನಾಲ್ಕು ರೂಪಾಯಿ ಚಾಲ್ ಹಾಕಿದೆ. ಇಬ್ಬರು ಹೆದರಿ ಪ್ಯಾಕ್ ಆದರು. ಆಜಿ ಮಾತ್ರ ಎಲೆ ಮುಟ್ಟದೆ ಎರಡು ರೂಪಾಯಿ ಸರಿಸಿದರು. ನಾನು ಎಂಟು, ಅವರು ನಾಲ್ಕು. ನಾನು ಹದಿನಾರು, ಅವರು ಎಂಟು. ಸಾಕಾಗಿ ಹದಿನಾರು ಕೊಟ್ಟು ಶೋ ಕೇಳಿದೆ. ಆಜಿಯ ಎಲೆ ರಾಣಿ, ಎಂಟು, ಮೂರು. ಅವರ ಕೈಯಲ್ಲೂ ಏನೂ ಇರಲಿಲ್ಲ, ಆದರೂ ನನ್ನ 45 ರೂಪಾಯಿ ಹೋಯಿತು!

“ಚಿಕ್ಕಮ್ಮಾ, ಕಾಣದವರನ್ನು ಹೆದರಿಸಲಾಗುತ್ತದೆಯೇ?” ಎಂದು ನಕ್ಕ ಹುಡುಗ. ಲೆಕ್ಕ ಬಿಡಿಸಿ ಹೇಳಿದ. ಕಡೆಯ ಸಲ ಆಜಿ ಎಂಟು ಹಾಕುವಾಗ ನಡುವೆ 38 ರೂಪಾಯಿ ಇತ್ತು. ಹಾಗೆ ಐದು ಸಲ ಎಂಟೆಂಟು ಹಾಕಿದರೆ 40. ಒಂದೇ ಸಲ ಗೆದ್ದರೂ ಬರುವುದು 46. ಅವರೇಕೆ ಬಿಟ್ಟಾರು? ನಾನಾದರೋ 22 ರೂಪಾಯಿಗಾಗಿ 16 ಹಾಕಿದ್ದೆ. ಅದು ದಕ್ಕಬೇಕಾದರೆ ಆಜಿ ಐದರಲ್ಲಿ ಎರಡಕ್ಕೂ ಹೆಚ್ಚು ಸಲ ಪ್ಯಾಕ್ ಆಗಬೇಕು. ಆಜಿ ಆ ರಾತ್ರಿ ಒಮ್ಮೆಯೂ ಪ್ಯಾಕ್ ಆಗಿರಲಿಲ್ಲ! ಸಣ್ಣ ಬಾಜಿಯಲ್ಲಿ ಎಂಟು ರೂಪಾಯಿಗೆ ಯಾರೂ ಹೆದರುವುದಿಲ್ಲ. ಅಲ್ಲಿ ಒಳ್ಳೆಯ ಕೈಗೆ ದೊಡ್ಡ ಚಾಲ್, ಖಾಲಿ ಕೈಗೆ ಪ್ಯಾಕ್, ಅಷ್ಟೇ.

“ಇಷ್ಟೆಲ್ಲ ಎಲ್ಲಿ ಕಲಿತೆಯೋ?” ಎಂದೆ. ಅವನ ನಗು ನಿಂತಿತು. ಮರುದಿನ ಚಕ್ಕುಲಿ ಮುರಿಯುತ್ತ ಮೆಲ್ಲಗೆ ಹೇಳಿದ: 2023ರಲ್ಲಿ ಫೋನಿನಲ್ಲಿ ಪೋಕರ್ ಆಡಿ ಎರಡು ತಿಂಗಳ ಸಂಬಳ ಕಳೆದಿದ್ದನಂತೆ. “ಲೆಕ್ಕ ಗೊತ್ತಿತ್ತು ಚಿಕ್ಕಮ್ಮಾ. ಆದರೆ ಸೋತ ಮೇಲೆ ಎಲೆ ನೋಡಿ ಬಾಜಿ ಕಟ್ಟಲಿಲ್ಲ, ಸೋತ ಮೊತ್ತ ನೋಡಿ ಕಟ್ಟಿದೆ.” ಅಕ್ಕನಿಗೆ ಮಾತ್ರ ವಾರವಾರವೂ “ಎಲ್ಲ ಚೆನ್ನಾಗಿದೆ ಅಮ್ಮಾ” ಎನ್ನುತ್ತಿದ್ದ. ಆ ಬ್ಲಫ್ ಪಾಪ, ಅವಳು ನಂಬಿದ್ದಳು.

ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಒಳ್ಳೆಯದೇ ಆಯಿತು. ಆದರೆ ನನಗೆ ಕಾಡಿದ್ದು ಆ ಹದಿನಾರು ರೂಪಾಯಿ. ಅದನ್ನೂ ನಾನು ಎಲೆ ನೋಡಿ ಹಾಕಿದ್ದಲ್ಲ. ಆಗಲೇ ಹೋಗಿದ್ದ ಹದಿಮೂರನ್ನು ಬಿಡಲಾರದೆ ಹಾಕಿದ್ದು. ಅವನದಕ್ಕೂ ನನ್ನದಕ್ಕೂ ಸೊನ್ನೆಗಳಷ್ಟೇ ವ್ಯತ್ಯಾಸ.

ಆಜಿ ಪ್ರತಿ ವರ್ಷ ಒಂದು ಡಬ್ಬಿಯಲ್ಲಿ ಐವತ್ತು ರೂಪಾಯಿ ತರುತ್ತಾರೆ. ಮುಗಿದರೆ ಎದ್ದು ಹೋಗಿ ಮಲಗುತ್ತಾರೆ. ಈ ಸಲ ನಾನೂ ಒಂದು ಡಬ್ಬಿ ತೆಗೆದಿಟ್ಟಿದ್ದೇನೆ. ಹುಡುಗ ಅಕ್ಕನಿಗೆ ಎಲ್ಲವನ್ನೂ ಹೇಳಿದ್ದಾನೆ. ಅವಳು ಒಂದು ದಿನ ಅತ್ತಳು, ಮರುದಿನ ಫೋನ್ ಮಾಡಿ “ಊಟ ಮಾಡಿದೆಯಾ?” ಎಂದು ಕೇಳಿದಳಂತೆ.