ಗೇರೊಂದನ್ನೇ ನಂಬಿದ ಗಿನಿ-ಬಿಸಾವು

ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳು ವರ್ಷವಿಡೀ ಓಡಲು ಊರಿನ ಬೀಜ ಸಾಲದು. ಉಳಿದದ್ದು ಹಡಗಿನಲ್ಲಿ ಆಫ್ರಿಕಾದಿಂದ ಬರುತ್ತದೆ. ಬೀಜ ಮಾರಲು ಹೋದಾಗ ‘ಆಫ್ರಿಕಾದ ಮಾಲು ಬಂದಿದೆ, ಧಾರಣೆ ಇಳಿದಿದೆ’ ಅನ್ನುವ ಮಾತು ಕೇಳದ ಬೆಳೆಗಾರ ಯಾರಿದ್ದಾರೆ? ನಾನಂತೂ ಹೆಚ್ಚುಕಡಿಮೆ ಪ್ರತಿ ವರ್ಷ ಕೇಳುತ್ತೇನೆ. ಆ ಮಾಲು ಕಳಿಸುವ ದೇಶಗಳಲ್ಲಿ ಒಂದು ಗಿನಿ-ಬಿಸಾವು. ನೆರೆಯ ದೇಶಗಳ ಜತೆ ಸೇರಿ ಒಂದೇ ಮಾರುಕಟ್ಟೆ, ಒಂದೇ ನಾಣ್ಯ ಮಾಡಿಕೊಂಡರೆ ಇಂಥ ಬಡ ದೇಶ ಮೇಲೇಳುತ್ತದೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಪಶ್ಚಿಮ ಆಫ್ರಿಕಾದ ಕಡಲ ಬದಿಯಲ್ಲಿ, ಸೆನೆಗಲ್‌ಗೆ ತಾಗಿಕೊಂಡು ಇರುವ ಪುಟ್ಟ ದೇಶ ಇದು. ಜನಸಂಖ್ಯೆ ಸುಮಾರು 20 ಲಕ್ಷ, ಅಂದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು. ಪೋರ್ಚುಗೀಸರ ಕೈಯಲ್ಲಿತ್ತು, 1974ರಲ್ಲಿ ಅವರು ಬಿಟ್ಟು ಹೋದರು. ಬ್ರೆಜಿಲಿನ ಗೇರನ್ನು ನಮ್ಮಲ್ಲಿಗೆ ತಂದವರೂ ಅವರೇ, ಅಲ್ಲಿಗೆ ಒಯ್ದವರೂ ಅವರೇ. ಈಗ ಆ ದೇಶದ ರಫ್ತು ಆದಾಯದಲ್ಲಿ ನೂರಕ್ಕೆ ತೊಂಬತ್ತರಷ್ಟು ಗೇರಿನದ್ದು. ದೊಡ್ಡ ತೋಟಗಳಲ್ಲ, ಹೆಚ್ಚಿನವರು ನಮ್ಮ ಹಾಗೆ ಸಣ್ಣ ಹಿಡುವಳಿದಾರರು. ಮನೆಮಂದಿಯೆಲ್ಲ ಸೇರಿ ಬೀಜ ಹೆಕ್ಕುತ್ತಾರೆ. ಎಷ್ಟೋ ಕಡೆ ಬೀಜ ಕೊಟ್ಟು ಅಕ್ಕಿ ತರುವ ವಾಡಿಕೆ. ಆ ಅಕ್ಕಿಯಲ್ಲಿ ದೊಡ್ಡ ಪಾಲು ಹೊರದೇಶದ್ದು! ಹಾಗಾಗಿ ಗೇರಿನ ಧಾರಣೆ ಬಿದ್ದ ವರ್ಷ ಅಲ್ಲಿ ಊಟಕ್ಕೇ ತತ್ವಾರ.

ಬೀಜ ಮಾತ್ರ ಒಳ್ಳೆಯದು. 80 ಕಿಲೋ ಗೋಣಿಗೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದು ಈ ವ್ಯಾಪಾರದ ಅಳತೆ. ಗಿನಿ-ಬಿಸಾವುವಿನ ಬೀಜದಲ್ಲಿ 50 ಪೌಂಡಿನ ಆಸುಪಾಸು, ಅಂದರೆ 22–23 ಕಿಲೋ. ಆದರೆ ಒಡೆಯುವ ಕೂಲಿ, ಸಿಪ್ಪೆ ಎಣ್ಣೆಯ ಲಾಭ, ತಿರುಳು ವಿಂಗಡಿಸುವ ಕೆಲಸ ಎಲ್ಲ ಭಾರತಕ್ಕೂ ವಿಯೆಟ್ನಾಮಿಗೂ. ಅವರಿಗೆ ದಕ್ಕುವುದು ಹಸಿ ಬೀಜದ ಕ್ರಯ ಮಾತ್ರ.

1997ರಲ್ಲಿ ಈ ದೇಶ ತನ್ನ ಪೇಸೊ ನಾಣ್ಯ ಬಿಟ್ಟು ಪಶ್ಚಿಮ ಆಫ್ರಿಕಾದ ಆರ್ಥಿಕ ಒಕ್ಕೂಟಕ್ಕೆ ಸೇರಿತು. ಸೆನೆಗಲ್, ಐವರಿ ಕೋಸ್ಟ್, ಬೆನಿನ್ ಸೇರಿ ಒಟ್ಟು ಎಂಟು ದೇಶ. ಎಲ್ಲರಿಗೂ ಒಂದೇ ಸಿಎಫ್‌ಎ ಫ್ರಾಂಕ್. ಒಂದು ಲಾಭ ಖಂಡಿತ ಆಯಿತು. ಮೊದಲು ಬೀಜ ಮಾರಿದ ದುಡ್ಡು ಮಳೆಗಾಲ ಮುಗಿಯುವುದರೊಳಗೆ ಸವೆದು ಹೋಗುವಂಥ ಬೆಲೆಯೇರಿಕೆ ಇತ್ತು, ಅದು ಹತೋಟಿಗೆ ಬಂತು.

ಆದರೆ ಬೀಜ ಕೊಳ್ಳುವವರು ಯಾರು? ನೆರೆಯವರೂ ಬೆಳೆಯುವುದು ಗೇರು, ಕೊಕ್ಕೊ, ಹತ್ತಿ, ನೆಲಗಡಲೆ. ಅವರ ಗಿರಾಕಿಗಳೂ ಕಡಲಾಚೆ. ಊರಿಡೀ ಅಡಿಕೆ ಬೆಳೆಗಾರರೇ ಸೇರಿ ಒಂದು ಸಂತೆ ಮಾಡಿದ ಹಾಗೆ ಇದು. ಅಲ್ಲಿ ಅಡಿಕೆ ಕೇಳುವವರಿಲ್ಲ.

ತಮಾಷೆ ನೋಡಿ, ಒಕ್ಕೂಟದೊಳಗೆ ಸರಕು ಸಲೀಸಾಗಿ ಓಡಾಡಬೇಕು ಅಂತ ನಿಯಮ. ಗೇರಿಗೆ ಬಂದಾಗ ಸರಕಾರ ಗಡಿಯಲ್ಲಿ ಕಾವಲು ಹಾಕುತ್ತದೆ. ಬೀಜ ಬಿಸಾವು ಬಂದರಿನಿಂದಲೇ ಹೋದರೆ ರಫ್ತು ತೆರಿಗೆ ಸಿಗುತ್ತದೆ. ಬೊಕ್ಕಸಕ್ಕೆ ಬೇರೆ ಆದಾಯ ಅಷ್ಟಕ್ಕಷ್ಟೆ. ಸೆನೆಗಲ್ ಬದಿಯಲ್ಲಿ ಧಾರಣೆ ಒಳ್ಳೆಯದಿದ್ದರೆ ಬೀಜ ರಾತ್ರೋರಾತ್ರಿ ಆಚೆಗೆ ದಾಟುತ್ತದೆ. ಅದನ್ನು ಕಳ್ಳಸಾಗಣೆ ಅನ್ನುತ್ತಾರೆ. ನಾಲ್ಕು ಕಾಸು ಹೆಚ್ಚು ಕೊಡುವವನಿಗೆ ಮಾರುವುದು ಬೆಳೆಗಾರನ ತಪ್ಪೆಂದು ನನಗೆ ಅನಿಸುವುದಿಲ್ಲ.

ನಾಣ್ಯದ್ದು ಇನ್ನೊಂದು ಮುಖವೂ ಇದೆ. ಫ್ರಾಂಕನ್ನು ಯೂರೋಗೆ ಕಟ್ಟಿ ಹಾಕಿದ್ದಾರೆ: ಒಂದು ಯೂರೋಗೆ ಸುಮಾರು 656 ಫ್ರಾಂಕ್. ಗೇರಿನ ವ್ಯಾಪಾರವೋ ಡಾಲರಿನಲ್ಲಿ. ನಮ್ಮ ರೂಪಾಯಿ ಇಳಿದರೆ ಆಮದು ಬೀಜ ತುಟ್ಟಿಯಾಗಿ ನಮ್ಮ ಬೀಜಕ್ಕೆ ತುಸು ಬಲ ಬರುತ್ತದೆ. ಅಲ್ಲಿ ಡಾಲರ್ ಬಿದ್ದರೆ ಬೆಳೆಗಾರನಿಗೆ ಅಷ್ಟು ಫ್ರಾಂಕ್ ಕಡಿಮೆ. ಸರಿಪಡಿಸೋಣವೆಂದರೆ ಲಗಾಮು ಬಿಸಾವುವಿನಲ್ಲಿಲ್ಲ, ಒಕ್ಕೂಟದ ಬ್ಯಾಂಕಿರುವ ಡಾಕರ್‌ನಲ್ಲಿ. 2018ರಲ್ಲಿ ಅಲ್ಲಿನ ಅಧ್ಯಕ್ಷರು ಕಿಲೋಗೆ 1000 ಫ್ರಾಂಕ್ ಕನಿಷ್ಠ ಧಾರಣೆ ಘೋಷಿಸಿದರು. ಕೇಳಲು ಚೆಂದ. ವರ್ತಕರು ಖರೀದಿಗೇ ಬರಲಿಲ್ಲ, ಬೀಜ ಮನೆಯಲ್ಲೇ ಉಳಿಯಿತು. ಇದರ ಮೇಲೆ ರಾಜಕೀಯದ ಉಪದ್ರವ ಬೇರೆ. 2012ರಲ್ಲಿ ಗೇರಿನ ಕೊಯಿಲಿನ ಹೊತ್ತಿಗೇ ಸೇನೆ ಅಧಿಕಾರ ಹಿಡಿಯಿತು. 2025ರ ನವೆಂಬರಿನಲ್ಲಿ ಮತ್ತೊಮ್ಮೆ.

ಹಾಗಾದರೆ ನೆರೆಯವರ ಜತೆ ಸೇರಿದ್ದು ದಂಡವೇ? ಅಲ್ಲ. ಕಾರ್ಖಾನೆಗೆ ಕರೆಂಟು ಬೇಕು. ರಾಜಧಾನಿಗೇ ವಿದ್ಯುತ್ ಬರುತ್ತಿದ್ದದ್ದು ಬಾಡಿಗೆ ಹಡಗೊಂದರಿಂದ! ಬಿಲ್ಲು ಕಟ್ಟಲಿಲ್ಲವೆಂದು 2023ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು, ಬಿಸಾವು ಕತ್ತಲಾಯಿತು. ಅನಂತರ ಗಿನಿ, ಸೆನೆಗಲ್, ಗ್ಯಾಂಬಿಯಾಗಳ ಜತೆ ಸೇರಿ ಎಳೆದ ಲೈನಿನಿಂದ ವಿದ್ಯುತ್ ಬಂದಿದೆ. ಗ್ಯಾಂಬಿಯಾ ನದಿಯ ಹೆಸರಿನಲ್ಲಿ ನಾಲ್ಕೂ ದೇಶ ಕಟ್ಟಿಕೊಂಡ ಸಂಸ್ಥೆಯ ಕೆಲಸ ಅದು. ಒಂಟಿಯಾಗಿ ಆಗದ್ದು ಆದದ್ದು ಇಲ್ಲಿ. ಸುಂಕದ ಕಾಗದಪತ್ರಕ್ಕಿಂತ ಈ ತಂತಿಯ ಮೇಲೆ ನನಗೆ ಹೆಚ್ಚು ಭರವಸೆ.

ಒಕ್ಕೂಟದ ಇತರರು ಕಾಯುತ್ತಾ ಕೂತಿಲ್ಲ. ಬೆನಿನ್ 2024ರ ಏಪ್ರಿಲಿನಿಂದ ಹಸಿ ಬೀಜದ ರಫ್ತು ನಿಷೇಧಿಸಿತು. ಐವರಿ ಕೋಸ್ಟ್ ತನ್ನಲ್ಲೇ ಒಡೆಯುವ ಪಾಲನ್ನು ಏರಿಸುತ್ತಿದೆ. ಗಿನಿ-ಬಿಸಾವು ಅದೇ ದಾರಿ ಹಿಡಿದರೆ ಅವರಲ್ಲಿ ಕೂಲಿ ಉಳಿಯುತ್ತದೆ. ನಮ್ಮ ಕಾರ್ಖಾನೆಗಳಿಗೆ ಹಸಿ ಬೀಜದ ತಾಪತ್ರಯ ಹೆಚ್ಚುತ್ತದೆ, ಊರ ಬೀಜಕ್ಕೆ ಬೇಡಿಕೆ ಕುದುರಬಹುದು. ಜತೆಗೆ ಅವರ ತಿರುಳು ನಮ್ಮ ತಿರುಳಿಗೆ ಪೇಟೆಯಲ್ಲಿ ಎದುರಾಳಿಯಾಗಿ ನಿಲ್ಲುತ್ತದೆ. ಗುಡ್ಡದ ಗೇರು ಕಡಿದು ರಬ್ಬರ್ ಹಾಕುವ ಯೋಚನೆಯಲ್ಲಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ಸಲ ಬೀಜ ಕೊಡುವಾಗ ಯಾವ ದೇಶದ ಮಾಲು ಎಷ್ಟು ಬಂದಿದೆ ಎಂದು ವರ್ತಕರನ್ನು ಕೇಳಿ ನೋಡಿ.