ಕುಂಚದ ಕೊರಳಿನಲ್ಲಿ ಉಳಿಯುವ ನೀರು

ನಾವು ದಿನನಿತ್ಯ ಬಳಸುವ ವಸ್ತುಗಳಲ್ಲಿ ನಮ್ಮ ಅಲಕ್ಷ್ಯಕ್ಕೆ ಹೆಚ್ಚಾಗಿ ಗುರಿಯಾಗುವುವು ಚಿಕ್ಕ ವಸ್ತುಗಳೇ. ಊಟದ ತಟ್ಟೆಯನ್ನು ಒಮ್ಮೆ ಬಳಸಿದೊಡನೆ ತೊಳೆಯುತ್ತೇವೆ. ಮುಖ ಒರಸುವ ವಸ್ತ್ರವನ್ನು ಎರಡು ದಿನಕ್ಕೊಮ್ಮೆಯಾದರೂ ಒಗೆಯುತ್ತೇವೆ. ಆದರೆ ಅದೇ ಮುಖಕ್ಕೆ ಪೌಡರನ್ನೂ ಬಣ್ಣವನ್ನೂ ಹಚ್ಚುವ ಕುಂಚ, ಎಂದರೆ ಎಲ್ಲರೂ ಮೇಕಪ್ ಬ್ರಷ್ ಎಂದು ಕರೆಯುವ ಸಾಧನ, ತಿಂಗಳುಗಟ್ಟಲೆ ನೀರನ್ನು ಕಾಣದೆ ಕನ್ನಡಿಯ ಮುಂದೆ ನಿಂತಿರುತ್ತದೆ. ಅದನ್ನು ತೊಳೆಯುವ ಅಭ್ಯಾಸವುಳ್ಳವರು ಕೂಡ ಅನೇಕ ವೇಳೆ ಸರಿಯಾಗಿ ಒಣಗಿಸುವುದಿಲ್ಲ. ತೊಳೆದು ಹಸಿಯಾಗಿಯೇ ಡಬ್ಬಿಯಲ್ಲಿ ನಿಲ್ಲಿಸಿದ ಕುಂಚವು ತೊಳೆಯದ ಕುಂಚಕ್ಕಿಂತ ಮೇಲೆಂದು ಹೇಳುವಂತಿಲ್ಲ. ಏಕೆ ಹೀಗೆ? ಕೂದಲಿನ ಕಟ್ಟಿನೊಳಗೆ ನೀರು ಹೇಗೆ ವರ್ತಿಸುತ್ತದೆ ಎಂಬುದನ್ನು ಅರಿತರೆ ಇದಕ್ಕೆ ಉತ್ತರ ದೊರೆಯುವುದಲ್ಲದೆ, ಕುಂಚವನ್ನು ತೊಳೆಯುವ ಮತ್ತು ಒಣಗಿಸುವ ನಿಯಮಗಳೆಲ್ಲವೂ ತಾವಾಗಿಯೇ ಸ್ಪಷ್ಟವಾಗುತ್ತವೆ.

ಕುಂಚದಲ್ಲಿ ಸೇರುವ ಕೊಳೆ

ಕುಂಚದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳುಂಟು: ಕೂದಲು, ಅದನ್ನು ಹಿಡಿದಿರುವ ಲೋಹದ ಕೊಳವೆ, ಆ ಕೊಳವೆಯೊಳಗಿನ ಅಂಟು, ಮತ್ತು ಹಿಡಿ. ಹಿಡಿಯು ಸಾಮಾನ್ಯವಾಗಿ ಮರದ್ದು. ಲೋಹದ ಕೊಳವೆಯನ್ನು ನಾವು ಅನುಕೂಲಕ್ಕಾಗಿ ಕುಂಚದ ಕೊರಳು ಎಂದು ಕರೆಯೋಣ. ಕೂದಲು ಮೇಕೆ, ಅಳಿಲು ಮುಂತಾದ ಪ್ರಾಣಿಗಳದ್ದಾಗಿರಬಹುದು. ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳಾಗಿರಬಹುದು.

ಪ್ರತಿ ಸಲ ಮುಖದ ಮೇಲೆ ಆಡಿದಾಗಲೂ ಕುಂಚವು ಕೊಡುವುದರ ಜೊತೆಗೆ ಪಡೆಯುತ್ತದೆ. ಚರ್ಮದ ಜಿಡ್ಡು, ಬೆವರು, ಉದುರುವ ಸತ್ತ ಚರ್ಮದ ಕಣಗಳು, ಇವುಗಳೊಡನೆ ಚರ್ಮದ ಮೇಲೆ ಸದಾ ವಾಸಿಸುವ ಬ್ಯಾಕ್ಟೀರಿಯಾಗಳು ಕೂದಲಿನ ನಡುವೆ ಸೇರುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಜನರು ಬಳಸುತ್ತಿದ್ದ ಪ್ರಸಾಧನ ವಸ್ತುಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಬಹುಪಾಲು ವಸ್ತುಗಳಲ್ಲಿ ಬ್ಯಾಕ್ಟೀರಿಯಾಗಳಿದ್ದುವು; ಬಣ್ಣ ಹಚ್ಚುವ ಸ್ಪಂಜುಗಳಲ್ಲಿ ಶೇಕಡಾ 93ರಷ್ಟು ಒಮ್ಮೆಯೂ ತೊಳೆಯಲ್ಪಟ್ಟಿರಲಿಲ್ಲ. ಇವುಗಳಿಂದ ಗುಳ್ಳೆ, ತುರಿ, ಕಣ್ಣಿನ ಉರಿಯೂತ ಮುಂತಾದ ತೊಂದರೆಗಳು ಉಂಟಾಗಬಲ್ಲುವು. ಮದುವೆಯ ಮನೆಯಲ್ಲಿ ಒಂದೇ ಕುಂಚ ಹತ್ತು ಮುಖಗಳ ಮೇಲೆ ಹರಿದಾಡುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನೃತ್ಯಕ್ಕೆ ಸಿದ್ಧರಾಗುವ ಮಕ್ಕಳ ಸಾಲಿಗೆಲ್ಲ ಒಂದೇ ಕಾಡಿಗೆಯ ಕುಂಚ ಸಾಗುತ್ತದೆ. ಆದುದರಿಂದ ಇದು ಅಲಂಕಾರದ ಪ್ರಶ್ನೆ ಮಾತ್ರವಲ್ಲ, ಆರೋಗ್ಯದ ಪ್ರಶ್ನೆಯೂ ಹೌದು.

ಒಂದು ಹಳೆಯ ಪ್ರಯೋಗ

ಇಂಗ್ಲೆಂಡಿನ ಭೌತವಿಜ್ಞಾನಿ ಸಿ. ವಿ. ಬಾಯ್ಸ್ ಅವರು ಸಾಬೂನಿನ ಗುಳ್ಳೆಗಳನ್ನು ಕುರಿತು ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳು 1890ರಲ್ಲಿ ಪುಸ್ತಕರೂಪದಲ್ಲಿ ಹೊರಬಂದುವು. ಅವುಗಳ ಆರಂಭದಲ್ಲಿಯೇ ಒಂದು ಕುಂಚದ ಪ್ರಯೋಗವಿದೆ. ವಾಚಕರು ಅದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಒಣಗಿದ ಕುಂಚದ ಕೂದಲುಗಳು ಬಿಡಿಬಿಡಿಯಾಗಿರುತ್ತವೆ. ನೀರಿನಲ್ಲಿ ಅದ್ದಿ ಹೊರತೆಗೆದರೆ ಅವೆಲ್ಲ ಒಂದಕ್ಕೊಂದು ಅಂಟಿಕೊಂಡು ಚೂಪಾಗುತ್ತವೆ. ‘ಒದ್ದೆಯಾದುದರಿಂದ ಅಂಟಿಕೊಂಡುವು’ ಎಂದು ಯಾರಾದರೂ ಹೇಳಿಯಾರು. ಆದರೆ ಅದೇ ಕುಂಚವನ್ನು ಗಾಜಿನ ಲೋಟದ ನೀರಿನೊಳಗೆ ಮುಳುಗಿಸಿ ಹಿಡಿದು ನೋಡಿದರೆ, ಒಣಗಿದ್ದಾಗ ಇದ್ದಂತೆಯೇ ಕೂದಲುಗಳು ಬೇರೆಬೇರೆಯಾಗಿ ನಿಂತಿರುವುದು ಕಾಣುತ್ತದೆ. ನೀರಿನೊಳಗೆ ಅವು ಒದ್ದೆಯಾಗಿಯೇ ಇವೆಯಲ್ಲ! ಆದ್ದರಿಂದ ಅಂಟಿಸುವುದು ಒದ್ದೆತನವಲ್ಲ, ನೀರಿಗೂ ಗಾಳಿಗೂ ನಡುವಣ ಮೇಲ್ಮೈ. ಆ ಮೇಲ್ಮೈಯು ಎಳೆದು ಕಟ್ಟಿದ ರಬ್ಬರಿನ ಪೊರೆಯಂತೆ ಸದಾ ಸಂಕುಚಿಸಲು ಯತ್ನಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು.

ಇದೇ ಎಳೆತವು ನೀರನ್ನು ಕಿರಿದಾದ ಸಂದುಗಳಲ್ಲಿ ಮೇಲಕ್ಕೇರಿಸುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಸಪೂರವಾದ ಗಾಜಿನ ನಾಳಗಳಲ್ಲಿ ನೀರು ಏರುವ ಎತ್ತರವನ್ನು ಅಳೆಯುವುದುಂಟು. 0.1 ಮಿ.ಮೀ. ತ್ರಿಜ್ಯದ ನಾಳದಲ್ಲಿ ನೀರು ಸುಮಾರು 15 ಸೆಂ.ಮೀ. ಏರುತ್ತದೆ, ನಾಳವು ಕಿರಿದಾದಷ್ಟೂ ಏರಿಕೆ ಹೆಚ್ಚು. ಈ ಕೇಶಾಕರ್ಷಣದಿಂದಲೇ ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರಿ ಉರಿಯುತ್ತದೆ. ಕುಂಚವೂ ಒಂದು ಬತ್ತಿಯೇ. ಅದರ ಕೂದಲಿನ ಉದ್ದ ಕೆಲವೇ ಸೆಂಟಿಮೀಟರುಗಳು. ತುದಿಯನ್ನು ಮಾತ್ರ ನೀರಿನಲ್ಲಿಟ್ಟರೂ ಸ್ವಲ್ಪ ಹೊತ್ತಿನಲ್ಲಿ ನೀರು ಕೂದಲಿನ ಬುಡದವರೆಗೆ ಏರಬಲ್ಲದು.

ಇಲ್ಲಿಯೇ ನಮ್ಮ ವಿಷಯದ ತಿರುಳಿದೆ. ಕೂದಲುಗಳು ಅತ್ಯಂತ ಒತ್ತಾಗಿರುವುದು ಕೊರಳಿನಲ್ಲಿ; ಅಲ್ಲಿ ಸಂದುಗಳು ಅತಿ ಕಿರಿದು. ಕಿರಿದಾದ ಸಂದು ನೀರನ್ನು ಹೆಚ್ಚು ಬಲವಾಗಿ ಹಿಡಿಯುವುದರಿಂದ ಕುಂಚದಲ್ಲಿ ಉಳಿದ ನೀರು ಕೊನೆಯವರೆಗೂ ಅಲ್ಲಿಯೇ ಅಡಗಿರುತ್ತದೆ. ಗಾಳಿಯೂ ಅಲ್ಲಿಗೆ ಸುಲಭವಾಗಿ ತಲಪದು. ತುದಿಯನ್ನು ಮುಟ್ಟಿ ‘ಒಣಗಿತು’ ಎಂದುಕೊಳ್ಳುವಾಗ ಬುಡವು ಹಸಿಯಾಗಿಯೇ ಇರುವ ಸಂಭವವುಂಟು. ಆ ನೀರು ಅಂಟನ್ನು ಸಡಿಲಿಸುತ್ತದೆ; ಮರದ ಹಿಡಿಯನ್ನು ಉಬ್ಬಿಸುತ್ತದೆ. ಒಣಗಿದಾಗ ಮರ ಮತ್ತೆ ಕುಗ್ಗುತ್ತದೆ, ಲೋಹವಾದರೋ ಹಾಗೆ ಹಿಗ್ಗಿ ಕುಗ್ಗದು. ಈ ಆಟ ಪುನಃಪುನಃ ನಡೆದು ಕೊರಳು ಅಲ್ಲಾಡತೊಡಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೇವ, ಜಿಡ್ಡು, ಕತ್ತಲು ಈ ಮೂರೂ ಕೂಡಿದ ಆ ಜಾಗವು ಬ್ಯಾಕ್ಟೀರಿಯಾಗಳಿಗೂ ಬೂಷ್ಟಿಗೂ ಒಳ್ಳೆಯ ನೆಲೆಯಾಗುತ್ತದೆ.

ತೊಳೆಯುವ ಕ್ರಮ

ಬರಿಯ ನೀರಿನಿಂದ ಜಿಡ್ಡು ಹೋಗದು. ನೀರಿನ ಮೇಲ್ಮೈ ಎಳೆತವು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಂಟಿಮೀಟರಿಗೆ ಸುಮಾರು 72 ಡೈನ್. ಸಾಬೂನು ಕರಗಿದಾಗ ಅದು 25ರಿಂದ 30ರವರೆಗೆ ಇಳಿಯುತ್ತದೆ. ಆಗ ನೀರು ಜಿಡ್ಡಾದ ಕೂದಲಿನ ಮೇಲೆ ಹನಿಯಾಗಿ ನಿಲ್ಲದೆ ಹರಡುತ್ತದೆ. ಸಾಬೂನಿನ ಅಣುವಿನ ಒಂದು ತುದಿಗೆ ನೀರು ಪ್ರಿಯ, ಇನ್ನೊಂದು ತುದಿಗೆ ಎಣ್ಣೆ ಪ್ರಿಯ. ಇಂತಹ ಅಣುಗಳು ಜಿಡ್ಡಿನ ಕಣವನ್ನು ಸುತ್ತುವರಿದು ನೀರಿನೊಡನೆ ಸಾಗಿಸುತ್ತವೆ. ಮೇಲ್ಮೈಗಳ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಆಗ್ನೆಸ್ ಪೊಕೆಲ್ಸ್ ಎಂಬಾಕೆಯೂ ಒಬ್ಬರು. ವಿಶ್ವವಿದ್ಯಾನಿಲಯದ ಬಾಗಿಲು ಸ್ತ್ರೀಯರಿಗೆ ತೆರೆಯದಿದ್ದ ಆ ಕಾಲದಲ್ಲಿ ಆಕೆ ಮನೆಯಲ್ಲಿಯೇ ಪ್ರಯೋಗಗಳನ್ನು ನಡೆಸಿ, ಜಿಡ್ಡಿನಿಂದ ನೀರಿನ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆಂಬುದನ್ನು ಅಳೆದರು. ಲಾರ್ಡ್ ರೇಲಿ ಅವರ ಮೂಲಕ ಆಕೆಯ ಪತ್ರವು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಗೆಲಸದಲ್ಲಿ ವಿಜ್ಞಾನವಿಲ್ಲವೆಂದು ಭಾವಿಸುವವರು ಈ ಸಂಗತಿಯನ್ನು ನೆನೆಯಬೇಕು.

ನಮ್ಮ ನಾಡಿನ ಬಯಲುಸೀಮೆಯ ಅನೇಕ ಕಡೆ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ, ಕರಗದ ಬಿಳಿಯ ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತವೆ. ಶಾಂಪೂವಿನಲ್ಲಿರುವ ಮಾರ್ಜಕಗಳು ಹೀಗೆ ಗಸಿಗಟ್ಟುವುದಿಲ್ಲ. ಆದುದರಿಂದ ಕುಂಚಕ್ಕೆ ಸೌಮ್ಯವಾದ ಶಾಂಪೂವೇ ಉತ್ತಮ.

ಮೊದಲು ಕುಂಚದ ತುದಿಯನ್ನು ಕೆಳಮುಖವಾಗಿ ಹಿಡಿದು, ಉಗುರುಬೆಚ್ಚಗಿನ ಹರಿಯುವ ನೀರಿನಲ್ಲಿ ತೋಯಿಸಬೇಕು. ಕೊರಳಿಗೆ ನೀರು ತಾಗಕೂಡದು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಶಾಂಪೂ ಬೆರಸಿ, ಅದರಲ್ಲಿ ಕೂದಲಿನ ತುದಿಯ ಭಾಗವನ್ನು ಸುತ್ತಿಸಬೇಕು. ಬಳಿಕ ಅಂಗೈಯ ಮೇಲೆ ಮೃದುವಾಗಿ ತಿರುಗಿಸಿದರೆ ನಡುವಣ ಕೊಳೆ ಹೊರಬರುತ್ತದೆ. ಹರಿಯುವ ನೀರಿನಲ್ಲಿ ತುದಿ ಕೆಳಗಾಗಿಯೇ ಹಿಡಿದು, ಬಣ್ಣವೂ ನೊರೆಯೂ ಇಲ್ಲದೆ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಕುಂಚವನ್ನು ಬಟ್ಟಲಿನಲ್ಲಿ ನೆನೆಹಾಕಿ ಬಿಡಬಾರದು. ಬತ್ತಿಯ ದೃಷ್ಟಾಂತವನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ಕುದಿನೀರು ಅಂಟನ್ನು ಮೆದುವಾಗಿಸುವುದರಿಂದ ಅದೂ ಸಲ್ಲದು.

ನೀರಿಗೆ ಜಗ್ಗದ ಬಣ್ಣಗಳು ಶಾಂಪೂವಿನಿಂದ ಸುಲಭವಾಗಿ ಬಿಡುವುದಿಲ್ಲ. ಎಣ್ಣೆಯ ಅಂಶವು ಎಣ್ಣೆಯಲ್ಲಿ ಕರಗುತ್ತದೆ. ಯಕ್ಷಗಾನದ ಕಲಾವಿದರು ಆಟ ಮುಗಿದ ಮೇಲೆ ಮುಖದ ಬಣ್ಣವನ್ನು ತೆಂಗಿನೆಣ್ಣೆಯಿಂದ ಬಿಡಿಸುವುದು ಇದೇ ತತ್ತ್ವದಿಂದ. ಅಂತಹ ಕುಂಚಕ್ಕೆ ಎರಡು ಹನಿ ತೆಂಗಿನೆಣ್ಣೆ ಸವರಿ, ಬಟ್ಟೆಯಲ್ಲಿ ಒರಸಿ, ಆಮೇಲೆ ಮೇಲೆ ಹೇಳಿದಂತೆ ತೊಳೆದು ಎಣ್ಣೆಯನ್ನೂ ತೆಗೆಯಬೇಕು.

ಅಮೆರಿಕದ ಚರ್ಮವೈದ್ಯರ ಅಕಾಡೆಮಿಯು 7ರಿಂದ 10 ದಿನಗಳಿಗೊಮ್ಮೆ ಕುಂಚಗಳನ್ನು ತೊಳೆಯಬೇಕೆಂದು ಸಲಹೆ ನೀಡಿದೆ. ಆದರೆ ತೊಳೆದೊಡನೆ ಕುಂಚವು ರೋಗಾಣುರಹಿತವಾಗುತ್ತದೆಂದು ಯಾರೂ ಭ್ರಮಿಸಕೂಡದು. ಕಣ್ಣುಬೇನೆಯಿರುವವರು ಬಳಸಿದ ಕುಂಚವನ್ನು ಇನ್ನೊಬ್ಬರ ಕಣ್ಣಿನ ಬಳಿಗೆ ಒಯ್ಯದಿರುವುದೇ ಕ್ಷೇಮ.

ಒಣಗಿಸುವ ಕ್ರಮ

ಮೊಟ್ಟಮೊದಲನೆಯ ಕೆಲಸ ಹಿಂಡುವುದು. ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಕೂದಲನ್ನು ಹಿಡಿದು, ಬುಡದಿಂದ ತುದಿಯ ಕಡೆಗೆ ಮೆಲ್ಲನೆ ಒತ್ತುತ್ತಾ ಎಳೆಯಬೇಕು. ಬಟ್ಟೆಯ ನೂಲಿನ ನಡುವಣ ಸೂಕ್ಷ್ಮ ಸಂದುಗಳು ಕುಂಚದ ನೀರನ್ನು ತಮ್ಮೆಡೆಗೆ ಸೆಳೆದುಕೊಳ್ಳುತ್ತವೆ. ಇಲ್ಲಿ ಕೇಶಾಕರ್ಷಣವೇ ನಮ್ಮ ಸಹಾಯಕ್ಕೆ ಬರುತ್ತದೆ. ಹೀಗೆ ತೆಗೆದ ಪ್ರತಿಯೊಂದು ಹನಿಯೂ ಆವಿಯಾಗಬೇಕಾದ ಹೊರೆಯನ್ನು ಕಡಮೆ ಮಾಡುತ್ತದೆ.

ಎರಡನೆಯದು ಆಕಾರ ಕೊಡುವುದು. ಪ್ರಾಣಿಯ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದು ನೀರನ್ನು ಹೀರಿ ಉಬ್ಬುತ್ತದೆ. ಮನುಷ್ಯನ ಕೂದಲಿನ ವ್ಯಾಸವು ಪೂರ್ತಿ ನೆನೆದಾಗ ಶೇಕಡಾ 15ರಷ್ಟು ಹೆಚ್ಚುತ್ತದೆ. ಆಗ ಅದರೊಳಗಿನ ಜಲಜನಕದ ಬಂಧಗಳು ಬಿಚ್ಚಿ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವಾಗ ಯಾವ ಆಕಾರದಲ್ಲಿತ್ತೋ ಕೂದಲು ಆ ಆಕಾರವನ್ನೇ ಹಿಡಿಯುತ್ತದೆ. ಆದ್ದರಿಂದ ಹಸಿಯಿರುವಾಗಲೇ ಬೆರಳುಗಳಿಂದ ಕುಂಚವನ್ನು ಅದರ ಸಹಜಾಕಾರಕ್ಕೆ ತರಬೇಕು.

ಮೂರನೆಯದು ಇಡುವ ರೀತಿ. ಕೂದಲು ಮೇಲಾಗುವಂತೆ ಲೋಟದಲ್ಲಿ ನಿಲ್ಲಿಸಿದರೆ ಭೂಮಿಯ ಗುರುತ್ವವೂ ಕೊರಳಿನ ಕಿರಿಸಂದುಗಳೂ ಒಟ್ಟುಗೂಡಿ ನೀರನ್ನು ಬುಡಕ್ಕೇ ಇಳಿಸುತ್ತವೆ. ಒದ್ದೆ ಟವೆಲಿನ ಮೇಲೆ ಮಲಗಿಸಿದರೆ ಅಡಿಯ ಭಾಗಕ್ಕೆ ಗಾಳಿ ಸಿಕ್ಕದೆ ಬೂಷ್ಟು ಹಿಡಿಯಬಹುದು. ಕೂದಲಿನ ಭಾಗವು ಮೇಜಿನ ಅಂಚಿನಿಂದ ಹೊರಚಾಚಿರುವಂತೆ ಅಡ್ಡವಾಗಿ ಇಡುವುದು, ಇಲ್ಲವೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಗ್ಗಕ್ಕೆ ತಲೆಕೆಳಗಾಗಿ ತೂಗಹಾಕುವುದು ಸರಿಯಾದ ವಿಧಾನ. ಆಗ ಎಲ್ಲ ಕಡೆಯಿಂದಲೂ ಗಾಳಿ ತಾಗುತ್ತದೆ. ತುದಿಯಲ್ಲಿ ನೀರು ಆವಿಯಾದಂತೆಲ್ಲ ಬತ್ತಿಯಲ್ಲಿ ಎಣ್ಣೆ ಸಾಗುವಂತೆ ಒಳಗಿನ ನೀರು ತುದಿಗೆ ಸರಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಈ ನೀರಿನ ಎಳೆ ಕಡಿಯುತ್ತದೆ. ಅಲ್ಲಿಂದ ಮುಂದೆ ಬುಡದ ತೇವವು ಆವಿಯಾಗಿಯೇ ನಿಧಾನವಾಗಿ ಹೊರಬರಬೇಕು. ದಪ್ಪ ಕುಂಚಗಳಿಗೆ ಒಂದು ರಾತ್ರಿ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುವುದು ಇದರಿಂದಲೇ.

ಊರು ಮತ್ತು ಋತುಗಳಿಗೂ ಇದರಲ್ಲಿ ಪಾತ್ರವಿದೆ. 30 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 30 ಇದ್ದರೆ ಇನ್ನೂ 21 ಗ್ರಾಂಗೆ ಎಡೆಯುಂಟು. ಶೇಕಡಾ 90 ಇದ್ದರೆ 3 ಗ್ರಾಂಗೆ ಮಾತ್ರ. ಬೇಸಗೆಯ ಬಯಲುಸೀಮೆಯಲ್ಲಿ ಬೇಗ ಒಣಗುವ ಕುಂಚವು ಮಳೆಗಾಲದ ಮಂಗಳೂರಿನಲ್ಲಿ ಮರುದಿನವೂ ಹಸಿಯಾಗಿರುವುದು ಆಶ್ಚರ್ಯವಲ್ಲ. ಅಂತಹ ಕಡೆ ಬೆಳಗ್ಗೆಯೇ ತೊಳೆದು ಫ್ಯಾನಿನ ಕೆಳಗಿಡಬೇಕು. ಬೀಸುವ ಗಾಳಿಯು ಕೂದಲಿನ ಸುತ್ತ ನೆಲೆಸಿದ ತೇವದ ಗಾಳಿಯನ್ನು ಸರಿಸಿ ಹೊಸ ಗಾಳಿಗೆ ಎಡೆಮಾಡುತ್ತದೆ. ಸುಡುಬಿಸಿಲೂ ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯೂ ಕೂದಲಿಗೂ ಅಂಟಿಗೂ ಹಾನಿಕರ.

ಕಡೆಗೆ ಒಂದು ಪರೀಕ್ಷೆ. ಒಂದು ಗ್ರಾಂ ನೀರು ಈ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಅದು ತಾಗಿದ ವಸ್ತುವಿನಿಂದಲೇ ಪಡೆಯುತ್ತದೆ. ಕೂದಲನ್ನು ಬೆರಳಿನಿಂದ ಬಿಡಿಸಿ ಬುಡದ ಭಾಗವನ್ನು ಮೇಲ್ದುಟಿಗೆ ತಾಗಿಸಿ ನೋಡಿರಿ. ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ. ಕುಂಚವನ್ನು ಡಬ್ಬಿಗೆ ಹಾಕುವ ಕಾಲ ಬಂದಿಲ್ಲ. ತಣ್ಣಗೆನಿಸದಿದ್ದರೆ ಮಾತ್ರ ಅದನ್ನು ಮುಚ್ಚಿಡಬಹುದು, ಮುಖಕ್ಕೆ ಮುಟ್ಟಿಸಬಹುದು. ಇದಕ್ಕೆ ಬೇಕಾದುದು ಬೆಲೆಬಾಳುವ ದ್ರಾವಣವಲ್ಲ, ವಿಶೇಷ ಯಂತ್ರವೂ ಅಲ್ಲ. ಒಂದು ಚಮಚ ಶಾಂಪೂ, ಒಂದು ಹತ್ತಿಬಟ್ಟೆ, ಹಗ್ಗಕ್ಕೊಂದು ಕ್ಲಿಪ್ಪು, ಮತ್ತು ಬುಡ ಒಣಗುವವರೆಗೆ ಕಾಯುವ ತಾಳ್ಮೆ.