ಕುದುರೆಯ ಹಲ್ಲು, ಕಾರಿನ ಖಾತರಿ

ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಕ್ಕೆ ಬಂದಾಗ ಅವನ ಜೊತೆಯಲ್ಲಿ ಒಂದು ಗಂಡು ಕುದುರೆಯಿತ್ತು. ಅದನ್ನು ಹಡಗಿನಲ್ಲಿ ಕೊಂಕಣ ತೀರದ ಚೌಲ್ ಬಂದರಿಗೆ ತಂದು, ಘಟ್ಟ ಹತ್ತಿಸಿ, ಜುನ್ನರದ ದಾರಿಯಾಗಿ ಬಹಮನಿ ರಾಜಧಾನಿಗೆ ಕರೆತಂದಿದ್ದ. ಜುನ್ನರದ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಮರಳಿಸುವುದಾಗಿ ಷರತ್ತು ಹಾಕಿದ್ದ. ಖುರಾಸಾನದ ಮಹಮ್ಮದ್ ಎಂಬವನು ನಡುವೆ ಬಂದು ಮಾತಾಡಿದ್ದರಿಂದ ಅದು ಮರಳಿ ಸಿಕ್ಕಿತು. ನೂರು ರೂಬಲ್ ಬಿದ್ದ ಆ ಕುದುರೆಗೆ ವರ್ಷಕಾಲ ಮೇವು ಹಾಕಿ, 68 ಫಣ ವೆಚ್ಚ ಮಾಡಿ, ಕ್ರಿಸ್‌ಮಸ್ ಹೊತ್ತಿಗೆ ಬೀದರದಲ್ಲಿ ಮಾರಿದ ಸಂಗತಿಯನ್ನು ಅವನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ.

ನಿಕಿತಿನ್ ಕುದುರೆ ಮಾರಿ ಐದು ಶತಮಾನಗಳು ಕಳೆದಿವೆ. ಈಗ ಭಾಲ್ಕಿಯ ಅಥವಾ ಔರಾದಿನ ತರುಣನೊಬ್ಬ ಹೈದರಾಬಾದಿನಲ್ಲಿ ನೌಕರಿ ಮಾಡಿ ಕೂಡಿಟ್ಟ ಹಣದಲ್ಲಿ ಹಳೆಯದೊಂದು ಸ್ಪೋರ್ಟ್ಸ್ ಕಾರನ್ನು ಖರೀದಿಸಲು ಹೊರಟರೆ ಅವನ ಮುಂದೆಯೂ ಅದೇ ಹಳೆಯ ಪ್ರಶ್ನೆ ನಿಲ್ಲುತ್ತದೆ. ಹೊರಗಿನಿಂದ ಹೊಳೆಯುವ ಈ ವೇಗದ ವಾಹನದ ಒಳಗೆ ಏನಿದೆ? ಮಾರುವವನು ಇದಕ್ಕೊಂದು ಉತ್ತರವನ್ನೂ ಸಿದ್ಧವಾಗಿಟ್ಟುಕೊಂಡಿರುತ್ತಾನೆ: ಇನ್ನಷ್ಟು ಹಣ ಕೊಟ್ಟರೆ ಒಂದೆರಡು ವರ್ಷದ 'ಎಕ್ಸ್‌ಟೆಂಡೆಡ್ ವಾರಂಟಿ', ಅಂದರೆ ವಿಸ್ತರಿಸಿದ ಖಾತರಿ. ಈ ಕಾಗದವನ್ನು ಕೊಳ್ಳಬೇಕೆ, ಬೇಡವೆ? ಇದು ಹೊಸ ಕಾಲದ ಪ್ರಶ್ನೆಯಂತೆ ಕಂಡರೂ ಬೀದರ ಸೀಮೆಯಲ್ಲಿ ಇದನ್ನು ಕುರಿತು ಯೋಚಿಸಿದವರು ಬಹಳ ಹಿಂದೆಯೇ ಇದ್ದರು.

ಕಲ್ಯಾಣದಲ್ಲಿ ಬರೆದ ನಿಯಮ

ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಚಾಲುಕ್ಯರ ರಾಜಧಾನಿಯಾಗಿತ್ತು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದದ್ದು ಇದೇ ಅರಸನ ಆಶ್ರಯದಲ್ಲಿ. ಆಸ್ತಿಯ ಪಾಲಿನ ವಿಷಯದಲ್ಲಿ ಮಿತಾಕ್ಷರದ ಹೆಸರು ಇಂದಿಗೂ ಕೋರ್ಟುಗಳಲ್ಲಿ ಕೇಳಿಬರುತ್ತದೆ. ಆದರೆ ಅದರಲ್ಲಿ 'ಕ್ರೀತಾನುಶಯ' ಎಂಬ ಪ್ರಕರಣವೂ ಇದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕೊಂಡ ಮೇಲೆ ಮನಸ್ಸು ಕೊರೆಯುವುದು ಎಂಬುದು ಆ ಶಬ್ದದ ಅರ್ಥ.

ಕೊಂಡ ವಸ್ತುವನ್ನು ಪರೀಕ್ಷಿಸಲು ಎಷ್ಟು ದಿನದ ಅವಕಾಶವಿರಬೇಕು ಎಂಬುದನ್ನು ಆ ಪ್ರಕರಣ ಹೇಳುತ್ತದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಭಾರ ಹೊರುವ ಎತ್ತು ಮೊದಲಾದ ಪ್ರಾಣಿಗಳಿಗೆ 5 ದಿನ, ರತ್ನಕ್ಕೆ 7 ದಿನ, ಹಾಲು ಕೊಡುವ ಪಶುವಿಗೆ 3 ದಿನ. ಇದೇ ಪಟ್ಟಿಯಲ್ಲಿ ದಾಸದಾಸಿಯರಿಗೂ ದಿನ ಗೊತ್ತುಮಾಡಿರುವುದು ಆ ಕಾಲದ ಕಹಿಸತ್ಯ. ಪಟ್ಟಿಯ ಹಿಂದಿನ ವಿವೇಕ ಮಾತ್ರ ಸ್ಪಷ್ಟವಾಗಿದೆ: ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲದ ಅವಕಾಶ. ಬೀಜ ಮೊಳೆಯಬೇಕು, ಹಸು ನಾಲ್ಕಾರು ಹೊತ್ತು ಕರೆಯಬೇಕು, ಎತ್ತು ನೊಗಕ್ಕೆ ಹೆಗಲು ಕೊಡಬೇಕು.

ನಾರದ ಸ್ಮೃತಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಂಡ ದಿನವೇ ವಸ್ತುವನ್ನು ಕೆಡದಂತೆ ಹಿಂದಿರುಗಿಸಿದರೆ ಪೂರ್ಣ ಬೆಲೆ ವಾಪಸು. ಎರಡನೆಯ ದಿನವಾದರೆ ಬೆಲೆಯಲ್ಲಿ ಮೂವತ್ತನೆಯ ಒಂದು ಭಾಗ ಕಡಿತ. ಮೂರನೆಯ ದಿನ ಅದರ ಇಮ್ಮಡಿ. ಆಮೇಲೆ ಅದು ಕೊಂಡವನದೇ. ಉಟ್ಟು ಹಳತಾಗಿ ಮಾಸಿದ ಬಟ್ಟೆಗೆ ಮಾತ್ರ ಈ ಸೌಲಭ್ಯವಿಲ್ಲ. ದೋಷವಿದ್ದರೂ ಅದು ಮಾರಿದವನಿಗೆ ಮರಳುವುದಿಲ್ಲ. ಹಳೆಯ ವಸ್ತುವನ್ನು ಕೊಳ್ಳುವವನು ಕಣ್ಣು ತೆರೆದುಕೊಂಡೇ ಕೊಳ್ಳಬೇಕು ಎಂಬ ಮಾತು ಅಷ್ಟು ಹಳೆಯದು.

ಬಹಮನಿಗಳ ಬೀದರದಲ್ಲಿ ಪೇಟೆಯ ನ್ಯಾಯ ಇಸ್ಲಾಮೀ ಕಾನೂನಿನದು. ಅದರಲ್ಲಿಯೂ ಇದೇ ಚಿಂತನೆಯಿದೆ. ಮಾರುವಾಗಲೇ ಇದ್ದು ಕಣ್ಣಿಗೆ ಬೀಳದ ಐಬು ಆಮೇಲೆ ತಿಳಿದರೆ ಕೊಂಡವನು ಸರಕನ್ನು ಮರಳಿಸಬಹುದು. ಷರತ್ತು ಮಾಡಿಕೊಂಡರೆ ಮೂರು ದಿನ ಯೋಚಿಸಿ ವ್ಯಾಪಾರ ಮುರಿಯಲೂಬಹುದು. ಹಾಗೆಯೇ, ಹನಫಿ ಪಂಥದ ಪ್ರಕಾರ, ಯಾವ ಐಬಿಗೂ ತಾನು ಹೊಣೆಯಲ್ಲವೆಂದು ಮೊದಲೇ ಹೇಳಿ ಮಾರಲೂ ಅವಕಾಶವಿತ್ತು. ಇಂದಿನ ಹಳೆ ಕಾರಿನ ಪೇಟೆಯಲ್ಲಿ 'ಇದ್ದ ಹಾಗೆ' ಎಂದು ಕೈತೊಳೆದುಕೊಳ್ಳುವುದು ಇದನ್ನೇ.

ಕುದುರೆಯೆಂಬ ಮೋಜು

ಕುದುರೆ ಅಂದಿನ ಕಾಲದಲ್ಲಿ ಬರೀ ಯುದ್ಧದ ಸಾಧನವಾಗಿರಲಿಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆ ಸವಾರಿಯ ಆಟವನ್ನು ಅರಸರ ವಿನೋದಗಳಲ್ಲಿ ಎಣಿಸಿದ್ದಾನೆ. ಈ ನೆಲಕ್ಕೆ ಒಳ್ಳೆಯ ಕುದುರೆಗಳು ಹೊರಗಿನಿಂದಲೇ ಬರಬೇಕಾಗಿತ್ತು. ಆದ್ದರಿಂದ ಅವುಗಳ ಬೆಲೆ ದುಬಾರಿ, ಸಾಕಣೆ ಇನ್ನೂ ದುಬಾರಿ. ಕಡಲೆಯ ಜೊತೆಗೆ ಸಕ್ಕರೆ, ಬೆಣ್ಣೆ ಬೆರೆಸಿದ ಕಿಚಡಿಯನ್ನು ಇಲ್ಲಿ ಕುದುರೆಗೆ ತಿನ್ನಿಸುತ್ತಿದ್ದುದನ್ನು ಕಂಡು ನಿಕಿತಿನ್ ಬೆರಗಾಗಿದ್ದ. ಆಳಂದದ ವಾರ್ಷಿಕ ಸಂತೆಗೆ 20,000 ಕುದುರೆಗಳು ಬರುತ್ತವೆಂದೂ ಅವನು ಬರೆದಿದ್ದಾನೆ. ಆಗ ಬೀದರದ ಆಡಳಿತ ಮಹಮೂದ್ ಗವಾನನ ಕೈಯಲ್ಲಿತ್ತು. ಅವನೂ 1453ರಲ್ಲಿ ಈ ಊರಿಗೆ ವರ್ತಕನಾಗಿಯೇ ಬಂದು, ಮುಂದೆ 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯನೆಂಬ ಬಿರುದು ಪಡೆದವನು.

ಸ್ಪೋರ್ಟ್ಸ್ ಕಾರು ಆ ಕುದುರೆಯ ನೇರ ವಾರಸುದಾರ. ಅದರ ಎಂಜಿನ್ನಿನ ಬಲವನ್ನು ಇಂದಿಗೂ ಅಶ್ವಶಕ್ತಿಯಲ್ಲಿಯೇ ಅಳೆಯುತ್ತಾರೆ. ಬೇರೆ ದೇಶದ ತಳಿ, ವಿಶೇಷ ಮೇವು, ಸೂಕ್ಷ್ಮ ಕಾಲು ಎಲ್ಲವೂ ಇದಕ್ಕೂ ಸಲ್ಲುತ್ತವೆ.

ದೇವಣಿ ಎತ್ತಿನ ಪಾಠ

ಅರಸರ ಕುದುರೆ ಪೇಟೆ ಮುಗಿದರೂ ಪರೀಕ್ಷಿಸಿ ಕೊಳ್ಳುವ ಜಾಣತನ ಈ ಸೀಮೆಯಲ್ಲಿ ಅಳಿಯಲಿಲ್ಲ. ಅದು ದನದ ಸಂತೆಯಲ್ಲಿ ಉಳಿಯಿತು. ಭಾಲ್ಕಿ, ಔರಾದ, ಬಸವಕಲ್ಯಾಣದ ಕಡೆಯಿಂದ ಗಡಿಯಾಚೆಯ ಲಾತೂರಿನವರೆಗೆ ದೇವಣಿ ತಳಿಯ ನಾಡು. ಮೈಯೆಲ್ಲ ಬಿಳುಪಾದ ಬಾಳಂಕ್ಯಾ, ಬಿಳಿ ಮೈಗೆ ಕಪ್ಪು ಮುಖದ ವಾನೆರಾ, ಕಪ್ಪು ಮಚ್ಚೆಗಳ ವಾಘ್ಯಾಡ್ ಎಂದು ಅದರಲ್ಲಿ ಮೂರು ಬಗೆ. ಎತ್ತು ಕೊಳ್ಳಲು ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಆರೋ ಎಂಬುದರ ಮೇಲೆ ವಯಸ್ಸು ತಿಳಿಯುತ್ತದೆ. ಎಂಟು ಬಂದ ಮೇಲೆ ಹಲ್ಲಿನ ಸವೆತವೇ ಸಾಕ್ಷಿ. ಆಮೇಲೆ ಸುಳಿ, ಗೊರಸು, ಹೆಗಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ಹೂಡಿ ನೋಡುತ್ತಾನೆ. ಇಷ್ಟಾದ ಮೇಲೆಯೇ ದಲ್ಲಾಳಿಯ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು.

ಮಾರಿದವನು ಆಡಿದ ಮಾತಿಗೆ ಅಲ್ಲಿಯೂ ಬೆಲೆಯಿದೆ. ಆದರೆ ಆ ಬೆಲೆ ಬರುವುದು ಅವನ ಊರು ಗೊತ್ತಿರುವುದರಿಂದ, ಮುಂದಿನ ಸಂತೆಗೆ ಅವನು ಮತ್ತೆ ಬರಲೇಬೇಕಾಗಿರುವುದರಿಂದ. ಖಾತರಿಯ ಗುಟ್ಟು ಇರುವುದು ಇಲ್ಲಿಯೇ. ಖಾತರಿ ಕೊಟ್ಟವನು ನಾಳೆ ಕೈಗೆ ಸಿಗುತ್ತಾನೆಯೇ ಎಂಬುದೇ ಅದರ ಬೆಲೆ.

ಕಾಗದದಲ್ಲಿ ಏನಿರುತ್ತದೆ?

ಇನ್ನು ಕಾರಿನ ಕಾಗದವನ್ನು ನೋಡಬಹುದು. 1930ರ ಸರಕು ಮಾರಾಟ ಕಾಯಿದೆ 'ಷರತ್ತು' ಮತ್ತು 'ವಾರಂಟಿ' ಎಂಬ ಎರಡನ್ನು ಬೇರೆ ಮಾಡುತ್ತದೆ. ಷರತ್ತು ಮುರಿದರೆ ಸರಕನ್ನೇ ತಿರಸ್ಕರಿಸಬಹುದು. ವಾರಂಟಿ ಮುರಿದರೆ ಪರಿಹಾರ ಕೇಳಬಹುದಷ್ಟೆ. ಅಲ್ಲದೆ ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ದೂರುವಂತಿಲ್ಲ. ಆದ್ದರಿಂದ ಮೇಲಿಂದ ಮೇಲೆ ನೋಡಿದ ಶಾಸ್ತ್ರ ಮಾಡುವುದು ಉಪಯೋಗಕ್ಕೆ ಬಾರದು. ನೋಡುವುದಾದರೆ ಬಲ್ಲವರಿಂದ ಸರಿಯಾಗಿ ನೋಡಿಸಬೇಕು.

ವಿಸ್ತರಿಸಿದ ಖಾತರಿಯಲ್ಲಿ ಎರಡು ಬಗೆ. ಒಂದು, ಕಾರು ತಯಾರಿಸಿದ ಕಂಪನಿಯದು. ಇದನ್ನು ಸಾಮಾನ್ಯವಾಗಿ ಮೂಲ ಖಾತರಿ ಮುಗಿಯುವ ಮೊದಲೇ ಕೊಳ್ಳಬೇಕು. ಮಾಲೀಕ ಬದಲಾದಾಗ ಕಂಪನಿಗೆ ತಿಳಿಸಿ ಹೊಸ ಹೆಸರಿಗೆ ಮಾಡಿಸಿಕೊಳ್ಳಬೇಕು. ಇನ್ನೊಂದು, ಹಳೆ ಕಾರು ಮಾರುವ ವ್ಯಾಪಾರಿ ಅಥವಾ ಬೇರೊಂದು ಸಂಸ್ಥೆ ಕೊಡುವಂಥದು. ಇದು ಹೆಚ್ಚಾಗಿ ಎಂಜಿನ್, ಗೇರ್‌ಬಾಕ್ಸ್‌ಗಳಿಗೆ ಸೀಮಿತ. ಕ್ಲಚ್, ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ ಮುಂತಾದ ಸವೆಯುವ ಭಾಗಗಳು ಬಹುಪಾಲು ಎರಡು ಬಗೆಯಲ್ಲಿಯೂ ಹೊರಗೇ ಉಳಿಯುತ್ತವೆ. ಕೊಳ್ಳುವ ಮೊದಲೇ ಇದ್ದ ದೋಷ, ನೀರು ಹೊಕ್ಕು ಆದ ಹಾನಿ, ನಿಗದಿಯ ಸರ್ವಿಸ್ ತಪ್ಪಿದ ಗಾಡಿ ಇವಕ್ಕೂ ರಕ್ಷಣೆ ಇರುವುದಿಲ್ಲ.

ಸ್ಪೋರ್ಟ್ಸ್ ಕಾರಿನ ತೊಡಕು ಇಲ್ಲಿಂದಲೇ ಶುರು. ಇಂಥ ಕಾರಿನ ಹಿಂದಿನ ಮಾಲೀಕ ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಬಲ ಹೆಚ್ಚಿಸಿರಬಹುದು, ರೇಸಿಗೆ ಓಡಿಸಿರಬಹುದು. ಅದು ಪತ್ತೆಯಾದರೆ ಖಾತರಿ ರದ್ದಾಗುತ್ತದೆ. ತಪ್ಪು ಹಿಂದಿನವನದು, ನಷ್ಟ ಈಗಿನವನದು. ಕೆಳಗೆ ಬಾಗಿದ ಈ ಕಾರುಗಳು ಹಳ್ಳಿದಾರಿಯ ರೋಡ್ ಹಂಪಿಗೆ ತಾಗಿ ಎಣ್ಣೆಯ ತೊಟ್ಟಿ ಒಡೆದರೆ ಅದು ವಾರಂಟಿಯ ವಿಷಯವಲ್ಲ, ಅಪಘಾತ ವಿಮೆಯ ವಿಷಯ. ಎರಡನ್ನೂ ಒಂದೇ ಎಂದು ತಿಳಿದು ವಿಮೆಯಲ್ಲಿ ಜಿಪುಣತನ ಮಾಡಿದವನು ಎರಡೂ ಕಡೆ ಕೈಸುಟ್ಟುಕೊಳ್ಳುತ್ತಾನೆ.

ಲೆಕ್ಕ ಮತ್ತು ದೂರ

ಒಂದು ಕಾಲ್ಪನಿಕ ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ವರ್ಷದ ಖಾತರಿಗೆ 60,000 ರೂಪಾಯಿ, ಗೇರ್‌ಬಾಕ್ಸ್ ಕೆಟ್ಟರೆ 3 ಲಕ್ಷ ಖರ್ಚು ಎಂದಿಟ್ಟುಕೊಳ್ಳೋಣ. ಐದು ಕಾರುಗಳಲ್ಲಿ ಒಂದು ಆ ವರ್ಷ ಹಾಗೆ ಕೆಟ್ಟರೆ ಮಾತ್ರ ಕೊಟ್ಟದ್ದಕ್ಕೂ ಬಂದದ್ದಕ್ಕೂ ಸಮ. ಖಾತರಿ ಕೊಡುವವನು 2 ಲಕ್ಷದ ಮಿತಿ ಹಾಕಿದ್ದರೆ ಹತ್ತರಲ್ಲಿ ಮೂರು ಕೆಡಬೇಕು. ಖಾತರಿ ಮಾರುವವನು ಲಾಭಕ್ಕೇ ಕುಳಿತಿರುವುದರಿಂದ ಒಟ್ಟು ಕಟ್ಟಿಸಿಕೊಂಡದ್ದಕ್ಕಿಂತ ಒಟ್ಟು ಕೊಡುವುದು ಕಡಿಮೆಯೇ. ಹಾಗಾಗಿ ಇದರಿಂದ ಉಳಿತಾಯವಾಗುತ್ತದೆಂದು ಭಾವಿಸುವುದು ತಪ್ಪು. ತಡೆಯಲಾರದ ಒಂದು ಪೆಟ್ಟನ್ನು ತಡೆಯಬಹುದಾದ ಸಣ್ಣ ಕಂತಾಗಿ ಮಾಡಿಕೊಳ್ಳುವುದಷ್ಟೇ ಇದರ ಪ್ರಯೋಜನ. 3 ಲಕ್ಷದ ಬಿಲ್ಲು ಬಂದರೆ ಹೊಲ ಅಡವಿಡಬೇಕಾಗುವವನಿಗೆ ಅದಕ್ಕೆ ಅರ್ಥವಿದೆ. ಅಂಥವನು ಇಂಥ ಗಾಡಿಯನ್ನೇ ಕೊಳ್ಳಬೇಕೆ ಎಂಬುದು ಮನೆಯ ಹಿರಿಯರು ಕೇಳುವ ಪ್ರಶ್ನೆ, ಅದಕ್ಕೂ ಅರ್ಥವಿದೆ.

ಬೀದರಕ್ಕೆ ದೂರದ ಲೆಕ್ಕ ಬೇರೆ ಇದೆ. ಇಂಥ ಕಾರನ್ನು ಬಲ್ಲ ವರ್ಕ್‌ಶಾಪಿಗೆ ಹೈದರಾಬಾದಿಗೇ ಹೋಗಬೇಕೆಂದರೆ ಬೀದರದಿಂದ ಸುಮಾರು 140 ಕಿ.ಮೀ. ಭಾಲ್ಕಿ ಅಥವಾ ಔರಾದಿನಿಂದ ಹೊರಟರೆ ಇನ್ನೂ ಸುಮಾರು 40 ಕಿ.ಮೀ. ಹೆಚ್ಚು. ಕೆಟ್ಟ ಗಾಡಿಯನ್ನು ಲಾರಿಯ ಮೇಲೆ ಹೇರಿ ಸಾಗಿಸುವ ಖರ್ಚನ್ನು ಖಾತರಿ ಕೊಡುತ್ತದೆಯೇ ಎಂದು ಮೊದಲೇ ಓದಿಕೊಳ್ಳಬೇಕು. ನೆರೆರಾಜ್ಯದ ಗಾಡಿಯಾದರೆ ಅಲ್ಲಿಯ ಆರ್‌ಟಿಒ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಬೀದರದ ಕೆಎ-38 ಅಥವಾ ಭಾಲ್ಕಿಯ ಕೆಎ-39 ನೋಂದಣಿ ಇವುಗಳ ವೆಚ್ಚವೂ ಸೇರುತ್ತದೆ.

ಕೊಟ್ಟ ಮಾತಿನ ಹಿಂದಿರುವ ಕಂಪನಿಯ ಆಯುಸ್ಸೂ ಮುಖ್ಯ. ಫಿಯಟ್ 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಎಂಬ ಪುಟ್ಟ ವೇಗದ ಕಾರನ್ನು ಭಾರತದಲ್ಲಿ ಮಾರಾಟಕ್ಕೆ ತಂದಿತು. 2019ರ ಹೊತ್ತಿಗೆ ಫಿಯಟ್ ಹೆಸರಿನ ಕಾರುಗಳೇ ಇಲ್ಲಿ ನಿಂತುಹೋದವು. 2016ರಿಂದ ಮಸ್ಟಾಂಗ್ ಮಾರಿದ ಫೋರ್ಡ್ 2021ರಲ್ಲಿ ಇಲ್ಲಿಯ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕಂಪನಿಯೇ ಮಾರಾಟ ಮುಗಿಸಿದ ಮೇಲೆ ಬಿಡಿಭಾಗಕ್ಕೆ ಕಾಯುವ ದಿನಗಳ ಲೆಕ್ಕ ಯಾವ ಖಾತರಿ ಪತ್ರದಲ್ಲಿಯೂ ಬರೆದಿರುವುದಿಲ್ಲ.

ಒಂದು ಅನುಕೂಲ ಮಾತ್ರ ನಿಕಿತಿನ್‌ಗೆ ಇರದಿದ್ದದ್ದು ಈಗಿನವರಿಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಹೈದರಾಬಾದಿನ ವ್ಯಾಪಾರಿಯಿಂದ ಕೊಂಡ ಔರಾದಿನ ಗ್ರಾಹಕ ಬೀದರದ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಿದರೆ ಸಾಕು. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರುಗಳು ಅಲ್ಲಿಗೆ ಬರುತ್ತವೆ. ಅದಕ್ಕೆ ಬಾಯಿಮಾತು ಸಾಲದು. ರಸೀದಿ, ಖಾತರಿಯ ಷರತ್ತು, ಸರ್ವಿಸ್ ದಾಖಲೆ ಕೈಯಲ್ಲಿರಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಕಂಪನಿಯದೇ ಖಾತರಿ ಇನ್ನೂ ಜೀವಂತವಾಗಿದ್ದು, ಹೊಸ ಮಾಲೀಕನ ಹೆಸರಿಗೆ ಆಗುವಂತಿದ್ದು, ಗೇರ್‌ಬಾಕ್ಸ್ ಮತ್ತು ಟರ್ಬೊ ಅದರಲ್ಲಿ ಸೇರಿದ್ದು, ಮಿತಿ ತೀರ ಕಡಿಮೆಯಿಲ್ಲದಿದ್ದರೆ ಕೊಳ್ಳಬಹುದು. ಅಪರಿಚಿತ ಸಂಸ್ಥೆಯ ಕಾಗದವಾದರೆ ಆ ಹಣವನ್ನು ರಿಪೇರಿಗೆಂದು ಬ್ಯಾಂಕಿನಲ್ಲಿಡುವುದು ಮೇಲು. ಎರಡರಲ್ಲಿ ಯಾವುದಾದರೂ ಸರಿ, ಅದಕ್ಕೆ ಮೊದಲು ನುರಿತ ಮೆಕ್ಯಾನಿಕನಿಂದ ಗಾಡಿಯನ್ನು ಎತ್ತಿ ನಿಲ್ಲಿಸಿ ನೋಡಿಸುವುದಕ್ಕೆ ಹಣ ಕೊಡಬೇಕು.

ಭಾರತದಲ್ಲಿ ತಮಗೆ ಬೇಕಾದ ಸರಕು ಹೇರಳವಾಗಿದೆಯೆಂದು ಇತರ ವರ್ತಕರು ಸುಳ್ಳು ಹೇಳಿದರೆಂದು ನಿಕಿತಿನ್ ತನ್ನ ಬರಹದಲ್ಲಿ ನೊಂದುಕೊಂಡಿದ್ದಾನೆ. ಮಾತನ್ನು ನಂಬಿ ಅವನು ಮೂರು ಸಮುದ್ರ ದಾಟಿ ಬಂದಿದ್ದ. ಭಾಲ್ಕಿಯ ಸಂತೆಗೆ ಬರುವ ರೈತ ಮಾತನ್ನೂ ಕೇಳುತ್ತಾನೆ. ಕೇಳುತ್ತಲೇ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ.